‘ಳ’ ಹೋಯ್ತು ಅಂತ ಇಂಗ್ಲಿಷಿನ ಮೇಲೆ ಗೂಬೆ ಕೂರಿಸುವ ಮುನ್ನ

ವಿದ್ಯಾನಗರ_ಮೇಷ್ಟ್ರು, ದಾವಣಗೆರೆ

ಪೋಷಕರ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರು: ಇಂಗ್ಲಿಷ್ ಮೀಡಿಯಂಗೆ ಹಾಕಿದ ಮೇಲೆ ಮಕ್ಕಳು ‘ಮಳೆ’ಗೆ ‘ಮಲೆ’ ಅಂತಾರೆ, ‘ಹಾಲು’ ‘ಹಾಳು’ ಎರಡೂ ಒಂದೇ ಆಗಿವೆ. ಅತ್ತ ಡಿಗ್ರಿ ಮುಗಿಸಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದವರ ಕನ್ನಡವೂ ‘ಒಂಥರಾ’ ಆಗಿದೆ ಅನ್ನೋ ಮಾತಿದೆ. ಕನ್ನಡದವರ ಇಂಗ್ಲಿಷಿನಲ್ಲಿ ಕನ್ನಡ ಇಣುಕುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ನನ್ನ ಪ್ರಶ್ನೆ ಇದರ ತಿರುವು. ಎರಡನೇ ಭಾಷೆ ಬಂದು ತಾಯ್ನುಡಿಯ ಉಚ್ಚಾರವನ್ನು ನಿಜವಾಗಿಯೂ ಅಲುಗಾಡಿಸುತ್ತದಾ? ಅಲುಗಾಡಿಸಿದರೆ ಯಾವ ಧ್ವನಿಯನ್ನು, ಎಷ್ಟು? ಅಳೆದು ನೋಡಲು ಶಾಲೆ ಮಟ್ಟದಲ್ಲಿ ಏನಾದರೂ ದಾರಿ ಇದೆಯಾ? ‘ಭಾಷಾಭಿಮಾನ ಕಡಿಮೆಯಾಗಿದೆ’ ಅನ್ನೋ ಉತ್ತರ ಬೇಡ, ಅದು ಸಭೆಯಲ್ಲೇ ಬೇಕಾದಷ್ಟು ಸಿಕ್ಕಿದೆ.

ಧ್ವನಿಮಾಪಿ

ಅಲುಗಾಡಿಸುತ್ತದೆ. ಆದರೆ ಜನ ಬೆರಳು ತೋರಿಸುವ ಜಾಗದಲ್ಲಿ ಅಲ್ಲ.

ಧ್ವನಿವಿಜ್ಞಾನಿ ಜೇಮ್ಸ್ ಫ್ಲೇಗೆ 1987ರಲ್ಲಿ ಪ್ಯಾರಿಸ್‌ನಲ್ಲಿ ನೆಲೆಸಿದ ಅಮೆರಿಕನ್ನರನ್ನೂ ಅಮೆರಿಕದಲ್ಲಿ ನೆಲೆಸಿದ ಫ್ರೆಂಚರನ್ನೂ ಅಳೆದರು. ಅಮೆರಿಕನ್ನರ ಇಂಗ್ಲಿಷ್ ‘ಟ’ದ ಉಸಿರು ಕಡಿಮೆಯಾಗಿತ್ತು, ಫ್ರೆಂಚರ ಫ್ರೆಂಚ್ ‘ತ’ದ ಉಸಿರು ಹೆಚ್ಚಿತ್ತು. ಎರಡೂ ಕಡೆ ತಾಯ್ನುಡಿಯೇ ಸರಿದಿತ್ತು. 1997ರಲ್ಲಿ ಸ್ಯಾನ್ಸಿಯರ್ ಮತ್ತು ಫೌಲರ್ ಅಮೆರಿಕಕ್ಕೂ ಬ್ರೆಜಿಲ್‌ಗೂ ಓಡಾಡಿಕೊಂಡಿದ್ದ ಒಬ್ಬರೇ ವ್ಯಕ್ತಿಯನ್ನು ಹಿಂಬಾಲಿಸಿದರು. ಕೆಲವು ತಿಂಗಳು ಯಾವ ದೇಶದಲ್ಲಿದ್ದರೋ ಅಲ್ಲಿನ ಭಾಷೆಯ ಕಡೆಗೆ ಅವರ ಎರಡೂ ಭಾಷೆಗಳು ವಾಲಿದ್ದವು. 2012ರಲ್ಲಿ ಚಾರ್ಲ್ಸ್ ಚಾಂಗ್ ಪ್ರಕಟಿಸಿದ್ದು ಇನ್ನೂ ಸ್ವಾರಸ್ಯದ್ದು. ಕೊರಿಯನ್ ಕಲಿಯಲು ಹೋದ ಅಮೆರಿಕನ್ ವಯಸ್ಕರ ಇಂಗ್ಲಿಷು 6 ವಾರಗಳ ಕೋರ್ಸಿನೊಳಗೇ ಸರಿಯಲು ಶುರುವಾಗಿತ್ತು. ಮರುವರ್ಷದ ಲೇಖನದಲ್ಲಿ ಅವರೇ ತೋರಿಸಿದ್ದು: ಹಳೇ ಕಲಿಕೆಯವರಿಗಿಂತ ಹೊಸಬರಲ್ಲಿ ಈ ಸರಿತ ಜಾಸ್ತಿ. ಅಂದರೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಮೊದಲ ತಿಂಗಳ ಹುಡುಗನ ಕನ್ನಡ, ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರ ಕನ್ನಡಕ್ಕಿಂತ ಹೆಚ್ಚು ಅಲುಗಾಡಬಹುದು.

ಇಲ್ಲಿ ‘ಉಸಿರು’ ಅಂದದ್ದಕ್ಕೆ ಅಳತೆಯ ಹೆಸರು ವಿಓಟಿ: ತುಟಿ ಅಥವಾ ನಾಲಿಗೆ ಬಿಟ್ಟ ಕ್ಷಣದಿಂದ ಗಂಟಲು ನಡುಗಲು ಶುರುವಾಗುವವರೆಗಿನ ಕಾಲ. ಕನ್ನಡದ ಪ, ತ, ಕ ಸಾಮಾನ್ಯವಾಗಿ 10ರಿಂದ 30 ಮಿಲಿಸೆಕೆಂಡಿನೊಳಗೆ ಬರುತ್ತವೆ, ಮೂರರಲ್ಲಿ ‘ಕ’ವೇ ಉದ್ದ. ಬ, ದ, ಗದಲ್ಲಿ ನಡುಕ ಮೊದಲೇ ಶುರುವಾಗಿರುತ್ತದೆ, ಹಾಗಾಗಿ ಅಳತೆ ಮೈನಸ್. ಲಿಸ್ಕರ್ ಮತ್ತು ಅಬ್ರಾಮ್‌ಸನ್ 1964ರಲ್ಲಿ ಅಳೆದ ಅಮೆರಿಕನ್ ಇಂಗ್ಲಿಷಿನಲ್ಲಿ ಪದದ ಮೊದಲ ಪ, ಟ, ಕಗಳಿಗೆ ಸುಮಾರು 60, 70, 80 ಮಿ.ಸೆ. ಸರಿತ ಅಂದರೆ ಇಂಥ ಅಳತೆಯಲ್ಲಿ ಐದೋ ಹತ್ತೋ ಇಪ್ಪತ್ತೋ ಮಿಲಿಸೆಕೆಂಡಿನ ವ್ಯತ್ಯಾಸ. ಮನೆಯವರ ಕಿವಿಗೆ ಅದು ಬಹುಪಾಲು ಬೀಳುವುದೇ ಇಲ್ಲ.

ಹರಿಹರದ_ಹೊಳೆ

ಮಾಹಿತಿ ಸರಿ. ಆದರೆ ಅದನ್ನು ಹಾಗೇ ಎತ್ತಿ ದಾವಣಗೆರೆಯ ಪಿ.ಜೆ. ಬಡಾವಣೆಗೆ ತಂದಿಟ್ಟರೆ ಲೆಕ್ಕ ತಪ್ಪುತ್ತದೆ. ನಮ್ಮ ಮಕ್ಕಳು ಕೇಳುವುದು ಯಾವ ಇಂಗ್ಲಿಷು? ಕ್ಲಾಸಿನ ಟೀಚರ್ ಆಡುವ ಭಾರತೀಯ ಇಂಗ್ಲಿಷು. ಅದರಲ್ಲಿ ‘ಪೆನ್’, ‘ಕಪ್’ಗಳಿಗೆ ಉಸಿರೇ ಇಲ್ಲ, ಕನ್ನಡದ ಪ, ಕಗಳೇ. ‘ಟೇಬಲ್’ನ ‘ಟ’ ಕನ್ನಡದ ಮೂರ್ಧನ್ಯ (ನಾಲಿಗೆ ಮಡಚಿ ಹೇಳುವುದು), ‘ಥ್ಯಾಂಕ್ಸ್’ ಕನ್ನಡದ ದಂತ್ಯ (ಹಲ್ಲಿಗೆ ತಾಗಿಸಿ ಹೇಳುವುದು). ಎರಡನೇ ಭಾಷೆಯೇ ಕನ್ನಡದ ಧ್ವನಿ ತೊಟ್ಟು ಬಂದಿರುವಾಗ ಅದು ಕನ್ನಡವನ್ನು ಎತ್ತ ಎಳೆಯಬೇಕು? ವಿಓಟಿ ಸರಿತ ಹುಡುಕಬೇಕೆಂದರೆ ವಿದೇಶಿ ಗ್ರಾಹಕರ ಕರೆ ತೆಗೆದುಕೊಳ್ಳಲು ಉಚ್ಚಾರ ತರಬೇತಿ ಪಡೆದವರಲ್ಲಿ ಅಥವಾ ದಿನವಿಡೀ ಅಮೆರಿಕದವರ ಜೊತೆ ಮಾತಾಡುವವರಲ್ಲಿ ಹುಡುಕಿ. ಒಂದನೇ ಕ್ಲಾಸಿನ ಮಕ್ಕಳಲ್ಲಿ ಸಿಗುವುದಿಲ್ಲ.

ಧ್ವನಿಮಾಪಿ

ಒಪ್ಪಿದೆ. ಅದಕ್ಕೇ ಫ್ಲೇಗೆ ಸಿದ್ಧಾಂತದ ತಿರುಳು ಇಲ್ಲಿ ಕೆಲಸಕ್ಕೆ ಬರುತ್ತದೆ. ಪೂರಾ ಬೇರೆಯಾದ ಧ್ವನಿ ಬಂದರೆ ತಲೆ ಅದಕ್ಕೆ ಹೊಸ ಖಾನೆ ಮಾಡಿಕೊಳ್ಳುತ್ತದೆ, ಹಳೆಯದರ ತಂಟೆಗೆ ಹೋಗುವುದು ಕಡಿಮೆ. ಹೋದರೂ ವ್ಯತ್ಯಾಸ ಉಳಿಸಿಕೊಳ್ಳಲು ಹಳೆಯದನ್ನು ಕೊಂಚ ಆಚೆ ತಳ್ಳುತ್ತದೆ. ತೊಂದರೆ ಇರುವುದು ‘ಹೆಚ್ಚುಕಡಿಮೆ ಅದೇ’ ಅನ್ನಿಸುವ ಧ್ವನಿಗಳಲ್ಲಿ. ಎರಡನ್ನೂ ಒಂದೇ ಖಾನೆಗೆ ಹಾಕಿಕೊಂಡಾಗ ಎರಡೂ ಒಂದರ ಕಡೆಗೊಂದು ಜರುಗುತ್ತವೆ. ಹಿಂದಿಯ ‘ಖ’ ಕಲಿತವರ ಕನ್ನಡ ‘ಕ’ ಕೆಡುವ ಭಯ ಕಡಿಮೆ, ಅಮೆರಿಕನ್ ಇಂಗ್ಲಿಷಿನ ‘ಕ’ ಕಲಿತವರಲ್ಲಿ ಹೆಚ್ಚು.

ಜೋಗಿಮಟ್ಟಿ, ಚಿತ್ರದುರ್ಗ

ಇಂಗ್ಲಿಷಿನ ತಲೆಗೆ ಕಟ್ಟುವ ದೂರುಗಳಲ್ಲಿ ಅರ್ಧ ನಮ್ಮ ಆಡುಮಾತಿನವೇ. ಚಿತ್ರದುರ್ಗ, ದಾವಣಗೆರೆ ಎರಡೂ ಉತ್ತರ ಮತ್ತು ದಕ್ಷಿಣದ ಕನ್ನಡಗಳು ಕೂಡುವ ಜಾಗ. ಹರಪನಹಳ್ಳಿ ದಿಕ್ಕಿಗೆ ಹೋದಂತೆ ‘ಮನೆ’ ‘ಮನಿ’ ಆಗುತ್ತದೆ, ‘ಮೇಲೆ’ ‘ಮ್ಯಾಲ’, ‘ಬೇಡ’ ‘ಬ್ಯಾಡ’. (ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, ಈಗ ವಿಜಯನಗರದಲ್ಲಿದೆ. ಜಿಲ್ಲೆಯ ಗೆರೆ ಎಷ್ಟು ಸಲ ಅಳಿಸಿ ಬರೆದರೂ ಮಾತಿನ ಗೆರೆ ಇದ್ದಲ್ಲೇ ಇದೆ.) ತುಮಕೂರಿನ ದಿಕ್ಕಿಗೆ ಇಳಿದರೆ ಹಳ್ಳಿ ಮಾತಿನಲ್ಲಿ ‘ಹ’ ಉದುರಿ ‘ಹಾಲು’ ‘ಆಲು’ ಆಗುತ್ತದೆ. ಮಹಾಪ್ರಾಣವಂತೂ ಎರಡೂ ಕಡೆ ದಿನದ ಮಾತಿನಲ್ಲಿ ಇಲ್ಲ. ‘ಭೂಮಿ’ ‘ಬೂಮಿ’, ‘ಧೂಳು’ ‘ದೂಳು’. ಆಡುಗನ್ನಡದಲ್ಲಿ ಮಹಾಪ್ರಾಣ ಇಲ್ಲವೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ಬರಹದಿಂದಲೂ ಅದನ್ನು ಕೈಬಿಟ್ಟಿದ್ದು ಎಲ್ಲರಿಗೂ ಗೊತ್ತಿರುವುದೇ. ಇವೆಲ್ಲ ಕಾನ್ವೆಂಟು ಬರುವ ಎಷ್ಟೋ ಕಾಲ ಮೊದಲಿನವು.

ಹಾಗಾಗಿ ಮೊದಲ ಜರಡಿ ಇದು: ಮಗು ಹೇಗೆ ಹೇಳುತ್ತದೋ ಹಾಗೇ ಇಂಗ್ಲಿಷಿನ ಗಂಧ ಇಲ್ಲದ ಅದರ ಅಜ್ಜಿ ಹೇಳುತ್ತಾರಾ? ಹೌದಾದರೆ ಇಂಗ್ಲಿಷಿಗೆ ಜಾಮೀನು ಕೊಡಿ.

ನಾಲಿಗೆ_ನೇರ (ವಾಕ್ ಚಿಕಿತ್ಸೆ)

ಎರಡನೇ ಜರಡಿ ವಯಸ್ಸಿನದು. ರ, ಳ, ಶ ಇವೆಲ್ಲ ಮಕ್ಕಳ ಬಾಯಲ್ಲಿ ತಡವಾಗಿ ಕೂಡುವ ಧ್ವನಿಗಳು. ನಾಲ್ಕು ವರ್ಷದ ಮಗು ‘ಮಳೆ’ಗೆ ‘ಮಲೆ’ ಅಂದರೆ ಕನ್ನಡ ಮಾಧ್ಯಮದಲ್ಲಿದ್ದರೂ ಹಾಗೇ ಅನ್ನುತ್ತಿತ್ತು. ಎಲ್‌ಕೆಜಿಗೆ ಸೇರಿಸುವ ವಯಸ್ಸೂ ‘ಳ’ ಇನ್ನೂ ಗಟ್ಟಿಯಾಗದ ವಯಸ್ಸೂ ಒಂದೇ ಆದ್ದರಿಂದ ಪೋಷಕರಿಗೆ ಕಾರಣ ಕಣ್ಣೆದುರೇ ಇದೆ ಅನ್ನಿಸುತ್ತದೆ.

ಏಳೆಂಟು ವರ್ಷ ದಾಟಿದರೂ ಲ–ಳ ಒಂದೇ ಆಗಿದ್ದರೆ ಮೊದಲು ಕಿವಿ ಪರೀಕ್ಷಿಸಿ, ಆಮೇಲೆ ಬಾಯಿ. ಎರಡು ಚಿತ್ರ ಇಡಿ, ಹುಲಿ ಮತ್ತು ಹುಳಿ, ಅಥವಾ ಹಲ್ಲಿ ಮತ್ತು ಹಳ್ಳಿ. ನಿಮ್ಮ ಬಾಯಿ ಮಗುವಿಗೆ ಕಾಣದಂತೆ ಪುಸ್ತಕ ಅಡ್ಡ ಹಿಡಿದು ಒಂದೊಂದೇ ಹೇಳಿ, ಮಗು ಚಿತ್ರ ಮುಟ್ಟಲಿ. 20 ಸಲದಲ್ಲಿ 17–18 ಸರಿ ಬಂದರೆ ಕೇಳಿಸಿಕೊಳ್ಳುವುದರಲ್ಲಿ ತೊಂದರೆ ಇಲ್ಲ, ನಾಲಿಗೆಗೆ ಅಭ್ಯಾಸ ಬೇಕು. 10–12ರ ಹತ್ತಿರ ನಿಂತರೆ ಅದು ಊಹೆಯಲ್ಲಿ ಮುಟ್ಟುತ್ತಿದೆ, ಆಗ ಹೇಳಿಸುವ ಅಭ್ಯಾಸ ಶುರು ಮಾಡಿ ಪ್ರಯೋಜನವಿಲ್ಲ, ಕೇಳಿಸುವುದೇ ಮೊದಲು. ಎಲ್ಲ ಮಾತಿನಲ್ಲೂ ಏನೋ ಮಸುಕು ಅನ್ನಿಸಿದರೆ ಶ್ರವಣ ಪರೀಕ್ಷೆ ಮಾಡಿಸಿ. ಪದೇ ಪದೇ ಕಿವಿ ಸೋರುವ ಮಕ್ಕಳಲ್ಲಿ ಇದನ್ನು ಬಿಡಲೇಬಾರದು.

ಹೇಳಿಸುವಾಗ ನಾಲಿಗೆಯ ತುದಿ ಹಲ್ಲಿನ ಹಿಂದಿನ ಉಬ್ಬನ್ನು ದಾಟಿ ಹಿಂದೆ ಸರಿದು ಮೇಲಕ್ಕೆ ಮಡಚಿ ಅಂಗುಳ ಮುಟ್ಟಬೇಕು, ಗಾಳಿ ಎರಡೂ ಬದಿಯಿಂದ ಹೋಗಬೇಕು. ‘ಳ’ವನ್ನು ಒಂಟಿಯಾಗಿ ಹೇಳಿಸಬೇಡಿ, ‘ಲ’ ಬಂದುಬಿಡುತ್ತದೆ. ‘ಅಳ್‌’, ‘ಉಳ್‌’, ‘ಒಳ್‌’ ಎಂದು ಸ್ವರ ಮೊದಲಿಟ್ಟು, ಒತ್ತಿ ಹಿಡಿದು, ಆಮೇಲೆ ಕಳ್ಳ, ಹಳ್ಳ, ಮುಳ್ಳು. ದ್ವಿತ್ವದಲ್ಲಿ (ಒಂದೇ ವ್ಯಂಜನ ಜೋಡಿಯಾಗಿ ಬಂದಾಗ) ನಾಲಿಗೆ ಮೇಲೆ ಇರುವ ಕಾಲ ಹೆಚ್ಚಾದ್ದರಿಂದ ಜಾಗ ಗೊತ್ತಾಗುತ್ತದೆ. ಅದು ಕೂತ ಮೇಲೆ ಬಳೆ, ಬೆಳೆ, ಹುಳ. ‘ಳ’ಕ್ಕೆ ಮೊದಲು ‘ಇ’ ‘ಎ’ ಇರುವ ಗಿಳಿ, ಎಳೆ ಕೊನೆಗೆ, ಯಾಕೆಂದರೆ ಆ ಸ್ವರಗಳು ನಾಲಿಗೆಯನ್ನು ಮುಂದಕ್ಕೆ ಎಳೆಯುತ್ತವೆ. ದಿನಕ್ಕೆ 5 ನಿಮಿಷ ಎರಡು ಸಲ ಸಾಕು. ಅರ್ಧ ಗಂಟೆ ಕೂರಿಸಿದರೆ ಮಗು ನಾಲಿಗೆಯನ್ನಲ್ಲ, ನಿಮ್ಮನ್ನೇ ಬೈಯಲು ಶುರು ಮಾಡುತ್ತದೆ. ಅಂದಹಾಗೆ, ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ಯನ್ನು ಎಲ್ಲರೂ ಮದ್ದಿನಂತೆ ಕೊಡುತ್ತಾರೆ. ಅದರಲ್ಲಿ ಒಂದೂ ‘ಳ’ ಇಲ್ಲ, ಅದು ‘ರ’ಕ್ಕೆ ಮಾತ್ರ.

ವಿದ್ಯಾನಗರ_ಮೇಷ್ಟ್ರು

ಹಾಗಾದರೆ ಇಂಗ್ಲಿಷಿನಿಂದ ಕನ್ನಡದ ಉಚ್ಚಾರಕ್ಕೆ ನಿಜವಾಗಿ ಏನು ಬಂದಿದೆ? ಏನೂ ಇಲ್ಲವೆಂದರೆ ನಾನು ನಂಬಲ್ಲ.

ಧ್ವನಿಮಾಪಿ

ಬಂದಿದೆ, ಎಲ್ಲರ ಬಾಯಲ್ಲೂ ಇದೆ. ‘ಫಲಿತಾಂಶ’ ಹೇಳಿ ನೋಡಿ. ಅಲ್ಲಿರಬೇಕಾದದ್ದು ಎರಡು ತುಟಿ ಕೂಡಿ ಬಿಡುವ ಮಹಾಪ್ರಾಣ ‘ಫ’, ಅಥವಾ ಆಡುಮಾತಿನ ‘ಪ’. ಈಗ ಪಟ್ಟಣದ ಬಹಳ ಮಂದಿ ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ‘ಫ್ಯಾನ್’, ‘ಆಫೀಸ್’ನ ಧ್ವನಿಯಲ್ಲೇ ‘ಫಲ’, ‘ಸಫಲ’ ಅನ್ನುತ್ತಾರೆ. ಬರವಣಿಗೆಯೂ ಇದಕ್ಕೆ ಹೊಣೆ. ಎರಡಕ್ಕೂ ಒಂದೇ ಅಕ್ಷರ, ಕೆಳಗೆ ಎರಡು ಚುಕ್ಕಿ ಇಡುವ ‘ಫ಼’ ಕೀಬೋರ್ಡಿನಲ್ಲಿದ್ದರೂ ಯಾರೂ ಒತ್ತುವುದಿಲ್ಲ. ಹೊಸ ಧ್ವನಿ ಪರಭಾಷೆಯ ಪದದ ಬೆನ್ನೇರಿ ಬಂತು, ಅಕ್ಷರದ ಬಾಗಿಲಿನಿಂದ ಹಳೆಯ ಪದಗಳಿಗೆ ನುಗ್ಗಿತು. ‘ಜ’ದಲ್ಲಿ ಹೀಗಾಗಲಿಲ್ಲ ಗಮನಿಸಿ. ‘ಝೂ’, ‘ಝೀರೋ’ ಸರಿಯಾಗಿ ಹೇಳುವವರೂ ‘ಜನ’, ‘ಜೋಳ’ವನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕನ್ನಡದ ‘ಜ’ ದಿನವೂ ಬಾಯಲ್ಲಿ ಹೊರಳುವ ಧ್ವನಿ. ‘ಫ’ ಆಡುಮಾತಿನಲ್ಲಿ ಬಳಕೆಯೇ ಇಲ್ಲದೆ ಖಾಲಿ ಬಿದ್ದಿದ್ದ ಮನೆ, ಬಾಡಿಗೆಗೆ ಬಂದವರು ಯಜಮಾನರಾದರು.

ಇನ್ನೊಂದು ದ್ವಿತ್ವ. ಇಂಗ್ಲಿಷಿನ ಒಂದೇ ಪದದೊಳಗೆ ಕತೆ–ಕತ್ತೆ, ಎಲೆ–ಎಲ್ಲೆ ತರಹದ ವ್ಯತ್ಯಾಸ ಇಲ್ಲ. ಕನ್ನಡದಲ್ಲಿ ಕತ್ತೆಯ ‘ತ್ತ’ದ ಮುಚ್ಚುಗಡೆ (ನಾಲಿಗೆ ಗಾಳಿಯನ್ನು ತಡೆದು ಹಿಡಿದಿರುವ ಕಾಲ) ಕತೆಯದಕ್ಕಿಂತ ಸುಮಾರು ಎರಡು ಪಟ್ಟು. ಮನೆಯಲ್ಲೂ ಇಂಗ್ಲಿಷೇ ಹೆಚ್ಚಾಗಿರುವ ಮಕ್ಕಳಲ್ಲಿ ನೋಡಬೇಕಾದ್ದು ಈ ಅನುಪಾತ ಕುಗ್ಗಿದೆಯಾ ಅನ್ನೋದನ್ನ. ಲ–ಳಕ್ಕಿಂತ ಇದು ಹೆಚ್ಚು ನಂಬಿಕೆಯ ಗುರುತು, ಏಕೆಂದರೆ ದ್ವಿತ್ವವನ್ನು ಕನ್ನಡದ ಮಕ್ಕಳು ಬೇಗ ಕಲಿಯುತ್ತಾರೆ, ವಯಸ್ಸಿನ ನೆಪ ಹೇಳಲಾಗುವುದಿಲ್ಲ.

ಶೇಂಗಾ_ಸೀಮೆ, ಚಳ್ಳಕೆರೆ

ಎಲ್ಲರೂ ಇಂಗ್ಲಿಷ್ ಇಂಗ್ಲಿಷ್ ಅಂತಿದ್ದೀರಿ. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಎರಡನೇ ಭಾಷೆ ಅಂದರೆ ಮೊದಲು ತೆಲುಗು. ದಾವಣಗೆರೆ ಪೇಟೆಯಲ್ಲಿ ಉರ್ದು, ನ್ಯಾಮತಿ, ಹೊನ್ನಾಳಿಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಕನ್ನಡವೇ ಎರಡನೆಯದು. ಪ್ರತಿ ಜೋಡಿಗೂ ಅಪಾಯದ ಜಾಗ ಬೇರೆ.

ತೆಲುಗು ಕಲಿತರೆ ಲ–ಳ ಹೋಗಲ್ಲ, ಎ–ಏ, ಒ–ಓ ಹೋಗಲ್ಲ, ದ್ವಿತ್ವ ಹೋಗಲ್ಲ. ಮೂರೂ ತೆಲುಗಿನಲ್ಲೂ ಇವೆ. ನೋಡಬೇಕಾದ್ದು ‘ಚ’, ‘ಜ’. ತೆಲುಗಿನ ಹಲವು ಆಡುನುಡಿಗಳಲ್ಲಿ ಅ, ಆ, ಉ, ಒ ಮುಂದೆ ಬಂದರೆ ‘ಚ’ ಹಲ್ಲಿನ ಹತ್ತಿರ ಸರಿದು ‘ತ್ಸ’ದಂತೆ ಆಗುತ್ತದೆ, ಇ, ಎ ಮುಂದೆ ಬಂದರೆ ‘ಚ’ವಾಗೇ ಉಳಿಯುತ್ತದೆ. ಕನ್ನಡದಲ್ಲಿ ಎಲ್ಲ ಕಡೆಯೂ ಒಂದೇ ‘ಚ’. ಹಾಗಾಗಿ ‘ಚಳಿ’ ಮತ್ತು ‘ಚಿಕ್ಕ’ ಎರಡನ್ನೂ ಹೇಳಿಸಿ ಪಕ್ಕಪಕ್ಕ ಇಟ್ಟು ನೋಡಿ. ‘ಚಳಿ’ಯ ಸದ್ದು ಮಾತ್ರ ಚೂಪಾಗಿದ್ದರೆ ತೆಲುಗು ಒಳಗೆ ಬಂದಿದೆ.

ಹಿಂದಿ, ಉರ್ದುವಿನಲ್ಲಿ ಕನ್ನಡದ ಹಾಗೆ ಎ–ಏ, ಒ–ಓ ಜೋಡಿ ಇಲ್ಲ. ಹಿಂದಿ ಲಿಪಿಯಲ್ಲಿ ದಾವಣಗೆರೆಯ ಹೆಸರು ಬರೆದಾಗ ‘ಗೆ’ಗೆ ಇರುವ ಗುರುತೇ ದೀರ್ಘದ್ದು, ಅದಕ್ಕೇ ಹೊರಗಿನವರ ಬಾಯಲ್ಲಿ ‘ದಾವಣಗೇರೆ’. ಕೆರೆ–ಕೇರೆ, ಕೊಡು–ಕೋಡು ಜೋಡಿಗಳನ್ನು ಅಳೆಯಬೇಕಾದ್ದು ಈ ಕಡೆ.

ಹರಿಹರದ_ಹೊಳೆ

ಲಂಬಾಣಿ ವಿಷಯಕ್ಕೆ ಒಂದು ಸೇರಿಸುವೆ. ಅದು ಇಂಡೋ–ಆರ್ಯನ್ ನುಡಿ, ಅದರಲ್ಲಿ ಮಹಾಪ್ರಾಣ ಜೀವಂತ. ಶಾಲೆಯಲ್ಲಿ, ಪೇಟೆಯಲ್ಲಿ ಕೇಳುವ ಕನ್ನಡದಲ್ಲಿ ಅದು ಇಲ್ಲ. ‘ಕನ್ನಡ ಕೆಡುತ್ತಿದೆ’ ಅಂತ ಕೊರಗುವ ನಾವು, ಕನ್ನಡ ಇನ್ನೊಬ್ಬರ ತಾಯ್ನುಡಿಯ ಉಸಿರನ್ನು ಅದೇ ರೀತಿ ತಗ್ಗಿಸುತ್ತಿದೆಯಾ ಅಂತಲೂ ಅಳೆಯಬೇಕು. ತಾಂಡಾದ ಹಿರಿಯರ ಮತ್ತು ಹಾಸ್ಟೆಲಿನಲ್ಲಿ ಬೆಳೆದ ಮಕ್ಕಳ ಲಂಬಾಣಿಯನ್ನು ಒಂದೇ ಪದಪಟ್ಟಿಯಲ್ಲಿ ಹೋಲಿಸಿದರೆ ಸಾಕು.

ವಿದ್ಯಾನಗರ_ಮೇಷ್ಟ್ರು

ಸರಿ, ಅಳೆಯೋಣ. ಒಂದು ಮೊಬೈಲು, ಒಂದು ಹಳೇ ಲ್ಯಾಪ್‌ಟಾಪು ಇದೆ ಅಂತಿಟ್ಟುಕೊಳ್ಳಿ. ಏನು ಮಾಡಬೇಕು?

ಧ್ವನಿಮಾಪಿ

ಲ್ಯಾಪ್‌ಟಾಪಿಗೆ ಪ್ರಾಟ್ ಅನ್ನೋ ಧ್ವನಿ ಅಳೆಯುವ ತಂತ್ರಾಂಶ ಹಾಕಿಕೊಳ್ಳಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ್ದು, ಪುಕ್ಕಟೆ, ಹಳೇ ಯಂತ್ರದಲ್ಲೂ ಓಡುತ್ತದೆ.

ರೆಕಾರ್ಡಿಂಗ್ ವೇವ್ ಫೈಲಿನಲ್ಲಿ, 44,100 ಹರ್ಟ್ಸ್, 16 ಬಿಟ್, ಮೋನೋ. ವಾಟ್ಸಾಪ್ ವಾಯ್ಸ್ ನೋಟ್ ಬೇಡವೇ ಬೇಡ. ಅದು ಒತ್ತಿ ಚಿಕ್ಕದು ಮಾಡಿದ ಫೈಲು, ‘ಚ’, ‘ಸ’ಗಳ ಮೇಲಿನ ಆವರ್ತನ ಹಾರಿಹೋಗಿರುತ್ತದೆ, ಸ್ಫೋಟದ (ತುಟಿ, ನಾಲಿಗೆ ಬಿಟ್ಟ ಕ್ಷಣದ ಸದ್ದಿನ) ಅಂಚು ಮಸುಕಾಗಿರುತ್ತದೆ. ರೆಕಾರ್ಡರ್ ಆ್ಯಪಿನಲ್ಲಿ ಸದ್ದು ತಗ್ಗಿಸುವ ಸೌಲಭ್ಯ ಇದ್ದರೆ ಆರಿಸಿ. ‘ಬ’, ‘ದ’ಗಳಿಗೆ ಮುಂಚೆ ಬರುವ ಸಣ್ಣ ನಡುಕವನ್ನೇ ಅದು ಸದ್ದೆಂದು ತಿಳಿದು ಕತ್ತರಿಸುತ್ತದೆ. ಫ್ಯಾನ್ ಆಫ್ ಮಾಡಿ, ಏಪ್ರಿಲ್ಲಿನಲ್ಲಿ ಕಷ್ಟ ಅನ್ನೋದು ಗೊತ್ತು, ಬೆಳಗ್ಗೆ ಏಳಕ್ಕೆ ಇಟ್ಟುಕೊಳ್ಳಿ. ಮೈಕು ಬಾಯಿಂದ 15–20 ಸೆಂ.ಮೀ. ದೂರ, ನೇರ ಎದುರಿಗಲ್ಲ, ಸ್ವಲ್ಪ ಬದಿಗೆ. ಎದುರಿಗಿದ್ದರೆ ‘ಪ’ದ ಗಾಳಿ ಮೈಕಿಗೆ ಹೊಡೆದು ಅಳತೆಯೇ ಸಿಗುವುದಿಲ್ಲ.

ಅಕ್ಷರ ತೋರಿಸಿ ಓದಿಸಬೇಡಿ. ಓದುವಾಗ ಶಾಲೆಯ ಕನ್ನಡ ಎದ್ದು ಕೂರುತ್ತದೆ, ದಿನವೂ ‘ಬೂಮಿ’ ಅನ್ನುವವರು ‘ಭೂಮಿ’ ಅನ್ನುತ್ತಾರೆ. ಚಿತ್ರ ತೋರಿಸಿ, ‘ಈಗ ___ ಅಂದೆ’ ಎಂಬ ಒಂದೇ ಚೌಕಟ್ಟಿನಲ್ಲಿ ಹೇಳಿಸಿ. 12 ಪದ, ಪ್ರತಿಯೊಂದೂ 5 ಸಲ, ಕಲೆಸಿದ ಕ್ರಮದಲ್ಲಿ, ನಡುವೆ ಸಂಬಂಧವಿಲ್ಲದ ಪದಗಳನ್ನೂ ಹಾಕಿ. ಒಬ್ಬರಿಗೆ 60 ಮಾದರಿ ಸಿಗುತ್ತವೆ. ಕೋರ್ಸಿಗೆ ಮುಂಚೆ ಒಮ್ಮೆ, 3 ವಾರಕ್ಕೆ, 6 ವಾರಕ್ಕೆ, ಮುಗಿದು ಒಂದು ತಿಂಗಳಿಗೆ ಇನ್ನೊಮ್ಮೆ. ಕೋರ್ಸಿಗೆ ಸೇರದ ಅದೇ ವಯಸ್ಸಿನ, ಅದೇ ಊರಿನ ಗುಂಪು ಇಲ್ಲದಿದ್ದರೆ ಈ ಶ್ರಮ ವ್ಯರ್ಥ, ಬದಲಾವಣೆ ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ.

ಬಹಳ ಮಂದಿ ಎಡವುವುದು ಇಲ್ಲಿ: ರೆಕಾರ್ಡಿಂಗಿಗೆ ಮುಂಚೆ ‘ಹಾಯ್, ಸಿಟ್ ಹಿಯರ್, ಸ್ಪೀಕ್ ನಾರ್ಮಲಿ’ ಅಂತ ಶುರು ಮಾಡುವುದು. ಎರಡು ಭಾಷೆ ಬಲ್ಲವರ ತಲೆಯಲ್ಲಿ ಆ ಗಳಿಗೆ ಯಾವ ಭಾಷೆ ಎಷ್ಟು ಎಚ್ಚರವಾಗಿದೆ ಅನ್ನೋದೇ ಉಚ್ಚಾರವನ್ನು ಬದಲಿಸುತ್ತದೆ. ಸೂಚನೆ, ಹರಟೆ, ಚಹಾ ಎಲ್ಲ ಕನ್ನಡದಲ್ಲೇ ಇರಲಿ, ಹತ್ತು ನಿಮಿಷ ಊರ ಮಾತಾಡಿಸಿ ಆಮೇಲೆ ಗುಂಡಿ ಒತ್ತಿ.

ವಿಓಟಿಗೆ: ಪದವನ್ನು ತೆರೆದು 100 ಮಿ.ಸೆ. ಮಾತ್ರ ಕಾಣುವಷ್ಟು ಹಿಗ್ಗಿಸಿ. ಸ್ಫೋಟದ ಚೂಪು ಗೆರೆ ಎಲ್ಲಿ ಎದ್ದಿದೆಯೋ ಅಲ್ಲಿಂದ ಮೊದಲ ಕ್ರಮಬದ್ಧ ಅಲೆಯ ಶುರುವಿನವರೆಗೆ ಆರಿಸಿ, ಮೇಲೆ ಕಾಣುವ ಅಂಕಿಯೇ ಉತ್ತರ. ದ್ವಿತ್ವಕ್ಕೆ ಮುಚ್ಚುಗಡೆಯ ಕಾಲವನ್ನು ಹಾಗೇ ಬರೆಯಬೇಡಿ, ಹಿಂದಿನ ಸ್ವರದ ಕಾಲದಿಂದ ಭಾಗಿಸಿ. ಇಲ್ಲದಿದ್ದರೆ ಎರಡನೇ ಸಲ ಸರಾಗವಾಗಿ ಬೇಗ ಹೇಳಿದ್ದೇ ‘ಬದಲಾವಣೆ’ಯಾಗಿ ಕಾಣುತ್ತದೆ. ‘ಚ’ಕ್ಕೆ ಉಜ್ಜುವ ಸದ್ದಿನ ಭಾಗ ಮಾತ್ರ ಕತ್ತರಿಸಿ, 500 ಹರ್ಟ್ಸ್ ಕೆಳಗಿನದನ್ನು ಸೋಸಿ, ಅದರ ಸ್ಪೆಕ್ಟ್ರಮ್‌ನ ಗುರುತ್ವ ಕೇಂದ್ರ (ಸದ್ದಿನ ಶಕ್ತಿಯ ಸರಾಸರಿ ಆವರ್ತನ) ಕೇಳಿ. ‘ತ್ಸ’ ಆದಷ್ಟೂ ಅಂಕಿ ಮೇಲೆ ಹೋಗುತ್ತದೆ.

ಶೇಂಗಾ_ಸೀಮೆ

‘ಳ’ಕ್ಕೆ ಎಫ್3 (ಮೂರನೇ ಫಾರ್ಮೆಂಟ್, ಅಂದರೆ ಬಾಯೊಳಗಿನ ಗಾಳಿ ಅನುರಣಿಸುವ ಮೂರನೇ ಆವರ್ತನ) ನೋಡಬೇಕು ಅಂತಾರಲ್ಲ, ನೋಡಿದರೆ ಲ, ಳ ಎರಡಕ್ಕೂ ಒಂದೇ ಅಂಕಿ ಬರುತ್ತಿದೆ. ಕಿವಿಗೆ ಮಾತ್ರ ಸ್ಪಷ್ಟ ವ್ಯತ್ಯಾಸ ಕೇಳುತ್ತದೆ.

ನಾಲಿಗೆ_ನೇರ (ವಾಕ್ ಚಿಕಿತ್ಸೆ)

ಮುಂದಿನ ಸ್ವರದಲ್ಲಿ ಅಳೆಯುತ್ತಿದ್ದೀರಿ ಅನ್ನಿಸುತ್ತದೆ. ಮೂರ್ಧನ್ಯದಲ್ಲಿ ನಾಲಿಗೆ ಮಡಚಿ ಮೇಲೆ ಹೋಗಿ, ಬಿಡುವಾಗ ಮುಂದಕ್ಕೆ ಬೀಸಿಕೊಂಡು ಇಳಿಯುತ್ತದೆ. ಬಿಡುವ ಹೊತ್ತಿಗೆ ಅದು ಹೆಚ್ಚುಕಡಿಮೆ ‘ಲ’ದ ಜಾಗಕ್ಕೆ ಬಂದಿರುತ್ತದೆ. ಗುರುತು ಉಳಿಯುವುದು ಹಿಂದಿನ ಸ್ವರದ ಕೊನೆಯಲ್ಲಿ. ‘ಮಳೆ’ಯ ಮೊದಲ ‘ಅ’ದ ಕೊನೆಯ 20–30 ಮಿ.ಸೆ.ನಲ್ಲಿ ಎಫ್3 ನೋಡಿ, ‘ಮಲೆ’ಗಿಂತ ಕೆಳಗೆ ಬಾಗಿರುತ್ತದೆ. ಮೇಲೆ ‘ಅಳ್‌’, ‘ಉಳ್‌’ ಎಂದು ಸ್ವರ ಮೊದಲಿಟ್ಟು ಹೇಳಿಸಿ ಅಂದದ್ದಕ್ಕೂ ಕಾರಣ ಇದೇ.

ಧ್ವನಿಮಾಪಿ

ಫಾರ್ಮೆಂಟ್ ಮಿತಿಯನ್ನೂ ನೋಡಿ. ಗಂಡಸರಿಗೆ 5,000 ಹರ್ಟ್ಸ್, ಹೆಂಗಸರಿಗೆ 5,500, ಮಕ್ಕಳಿಗೆ ಇನ್ನೂ ಮೇಲೆ, ಐದು ಫಾರ್ಮೆಂಟ್. ಎಲ್ಲರಿಗೂ ಒಂದೇ ಮಿತಿ ಇಟ್ಟರೆ ಎಫ್3 ಎಂದು ಎಫ್4ರ ಚುಕ್ಕಿ ಹಿಡಿಯುತ್ತದೆ. ಕೆಂಪು ಚುಕ್ಕಿಗಳು ಸ್ಪೆಕ್ಟ್ರೋಗ್ರಾಮಿನ ಕಪ್ಪು ಪಟ್ಟಿಯ ಮೇಲೇ ಕೂತಿವೆಯಾ ಅಂತ ಕಣ್ಣಲ್ಲಿ ನೋಡದೆ ಅಂಕಿ ಬರೆಯಬೇಡಿ.

ಜೋಗಿಮಟ್ಟಿ, ಚಿತ್ರದುರ್ಗ

ಅಳೆದವರು ಒಬ್ಬರೇ ಆದರೆ ಹತ್ತರಲ್ಲಿ ಒಂದು ಪಾಲನ್ನು ವಾರ ಬಿಟ್ಟು ಹಳೇ ಅಂಕಿ ನೋಡದೆ ಮತ್ತೆ ಅಳೆಯಿರಿ. ನಿಮ್ಮ ಎರಡು ಅಳತೆಗಳ ನಡುವೆಯೇ 5 ಮಿ.ಸೆ. ಅಂತರ ಇದ್ದರೆ ಮಗುವಿನಲ್ಲಿ ಕಂಡ 4 ಮಿ.ಸೆ. ಬದಲಾವಣೆಗೆ ಬೆಲೆ ಇಲ್ಲ. ಫೈಲಿನ ಹೆಸರಿನಲ್ಲಿ ‘ಮುಂಚೆ’, ‘ಆಮೇಲೆ’ ಅಂತ ಇಡಬೇಡಿ, ನಂಬರ್ ಕೊಡಿ. ಯಾವುದು ಯಾವುದೆಂದು ಗೊತ್ತಿದ್ದರೆ ಕೈ ತಾನಾಗಿ ಬೇಕಾದ ಕಡೆ ಗೆರೆ ಎಳೆಯುತ್ತದೆ.

ವಿದ್ಯಾನಗರ_ಮೇಷ್ಟ್ರು

ಹಾಗಾದರೆ ‘ಳ’ವನ್ನು ಪಟ್ಟಿಯಿಂದ ತೆಗೆದು ಕತೆ–ಕತ್ತೆ, ಎಲೆ–ಎಲ್ಲೆ, ಕೆರೆ–ಕೇರೆ, ಚಳಿ–ಚಿಕ್ಕ, ಫಲ ಇಷ್ಟನ್ನು ಇಟ್ಟುಕೊಳ್ಳುವೆ. ‘ಎಲ್ಲೆ’ಗೆ ಚಿತ್ರ ಬರೆಯುವುದು ಹೇಗೆ ಅನ್ನೋದೊಂದೇ ತಲೆನೋವು.

ಶೇಂಗಾ_ಸೀಮೆ

ಅದನ್ನು ಬಿಟ್ಟು ಹಳಿ–ಹಳ್ಳಿ ಹಾಕಿ. ರೈಲು ಹಳಿ ಒಂದು ಕಾರ್ಡು, ನಾಲ್ಕು ಹೆಂಚಿನ ಮನೆ, ಒಂದು ಬಾವಿ ಇನ್ನೊಂದು ಕಾರ್ಡು.